ಜಾಥಾ ಆಮೇಲೆ, ಮೊದಲು ನಮೂನೆ 6: ಕಾಲೇಜಿನಲ್ಲಿ ಯುವ ಮತದಾರರ ಅಭಿಯಾನ ಮಾಡುವುದು ಹೇಗೆ?

ಎಂ.ಜಿ. ರಸ್ತೆಯಲ್ಲಿ ಜಾಥಾ, ಆಜಾದ್ ಪಾರ್ಕ್ ವೃತ್ತದಲ್ಲಿ ಮಾನವ ಸರಪಳಿ, ಪ್ರತಿಜ್ಞೆ, ಕೊನೆಗೊಂದು ಗ್ರೂಪ್ ಫೋಟೋ. ಚಿಕ್ಕಮಗಳೂರಿನ ಕಡೆ ವಿದ್ಯಾರ್ಥಿಗಳ ಮತದಾನ ಜಾಗೃತಿ ಪ್ರಾಜೆಕ್ಟ್ ಹೆಚ್ಚಾಗಿ ಇಷ್ಟಕ್ಕೇ ನಿಂತುಬಿಡುತ್ತದೆ. ಪ್ರತಿಜ್ಞೆ ಮಾಡಿದವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಯಾರೂ ನೋಡಿರುವುದಿಲ್ಲ. ಹೆಸರಿಲ್ಲದಿದ್ದರೆ ಎಷ್ಟು ಉತ್ಸಾಹವಿದ್ದರೂ ಮತಗಟ್ಟೆಯಿಂದ ವಾಪಸ್ ಬರಬೇಕು. ಆದ್ದರಿಂದ ಪ್ರಾಜೆಕ್ಟಿನ ಮುಕ್ಕಾಲು ಪಾಲು ಶ್ರಮ ಹೆಸರು ಸೇರಿಸುವುದಕ್ಕೇ ಹೋಗಲಿ. ಹೊಸದಾಗಿ ಹೆಸರು ಸೇರಿಸುವ ಅರ್ಜಿಯೇ ನಮೂನೆ 6.

ತಂಡ, ಅನುಮತಿ, ಸಮಯ

ಆರೆಂಟು ಮಂದಿ ಸಾಕು. ಪ್ರಾಂಶುಪಾಲರ ಒಪ್ಪಿಗೆ ಪಡೆದು, ಕಾಲೇಜಿನ ಮತದಾರರ ಸಾಕ್ಷರತಾ ಸಂಘದ ಹೆಸರಿನಲ್ಲಿ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಒಂದು ಪತ್ರ ಕೊಡಿ. ಪಕ್ಷದವರಿಂದಾಗಲಿ, ಚುನಾವಣೆಗೆ ನಿಲ್ಲುವವರಿಂದಾಗಲಿ ಟೀ ಶರ್ಟ್, ಬ್ಯಾನರ್, ಊಟ ಯಾವುದನ್ನೂ ತೆಗೆದುಕೊಳ್ಳಬೇಡಿ. ಒಮ್ಮೆ ತೆಗೆದುಕೊಂಡರೆ ನೀವು ಹಾಕುವ ಅರ್ಜಿ ಮೇಜಿನ ಹತ್ತಿರ ಅರ್ಧ ತರಗತಿ ಬರುವುದಿಲ್ಲ.

ಅರ್ಹತಾ ದಿನಾಂಕಗಳು, ಅಂದರೆ 18 ತುಂಬಿದೆಯೇ ಎಂದು ಲೆಕ್ಕ ಹಾಕುವ ದಿನಗಳು, ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು, ಹಾಗಾಗಿ ದ್ವಿತೀಯ ಪಿಯುಸಿಯವರನ್ನೂ ಕರೆಯಿರಿ. ಜನವರಿ 25ರ ರಾಷ್ಟ್ರೀಯ ಮತದಾರರ ದಿನಕ್ಕೆಂದು ಕಾಯುವುದು ನಮ್ಮ ಜಿಲ್ಲೆಗೆ ಹೊಂದುವುದಿಲ್ಲ. ಅದು ಕಾಫಿ ಕೊಯ್ಲಿನ ಕಾಲ, ತೋಟದ ಮನೆಗಳ ಮಕ್ಕಳು ಕಾಲೇಜಿಗೆ ಬರುವುದೇ ಕಡಿಮೆ. ನವೆಂಬರ್ ಒಳಗೆ ಮುಗಿಸಿ.

ಅರ್ಜಿ ಮೇಜು

ಅಭಿಯಾನ ಕೆಡುವುದು ಇಲ್ಲಿ. ಹಿಂದಿನ ದಿನವೇ ತರಗತಿಗೆ ಹೋಗಿ ತರಬೇಕಾದ್ದನ್ನು ಬೋರ್ಡಿನ ಮೇಲೆ ಬರೆಯಿರಿ: ಆಧಾರ್ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸದ ದಾಖಲೆ, ಬಿಳಿ ಹಿನ್ನೆಲೆಯ ಬಣ್ಣದ ಫೋಟೋ, ಅಪ್ಪ ಅಥವಾ ಅಮ್ಮನ ವೋಟರ್ ಐಡಿ ನಂಬರು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅದನ್ನು ತುಂಬಿದರೆ ಮತದಾರರ ಪಟ್ಟಿಯಲ್ಲಿ ಮನೆಯವರಿರುವ ಭಾಗವನ್ನೇ ಗುರುತಿಸುವುದು ಸುಲಭ. ಇಲ್ಲದಿದ್ದರೆ ಮನೆಯವರದ್ದೊಂದು ಮತಗಟ್ಟೆ, ಮಗಳದ್ದು ಇನ್ನೊಂದು ಆಗಬಹುದು.

ಮೇಜಿಗೆ ಬಂದ ಕೂಡಲೇ ನಮೂನೆ 6 ತೆರೆಯಬೇಡಿ. ಮೊದಲು ಚುನಾವಣಾ ಆಯೋಗದ ಪೋರ್ಟಲಿನಲ್ಲಿ ಹೆಸರು ಹುಡುಕಿ. ಊರಿನಲ್ಲಿ ಆಗಲೇ ಹೆಸರಿದ್ದು ಸ್ಥಳ ಬದಲಾಗಿದ್ದರೆ, ಅಥವಾ ತಪ್ಪು ತಿದ್ದಬೇಕಿದ್ದರೆ ಬೇಕಾದದ್ದು ನಮೂನೆ 8. ಗೊತ್ತಿಲ್ಲದೆ ಮತ್ತೊಂದು ನಮೂನೆ 6 ಹಾಕಿದರೆ ಎರಡು ಕಡೆ ಹೆಸರು ಬರುತ್ತದೆ. ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಶಿಕ್ಷೆಯೂ ಇದೆ.

ಮುಂದಿನ ಪ್ರಶ್ನೆ ಊರಿನ ವಿಳಾಸವೋ ಹಾಸ್ಟೆಲ್ಲಿನದೋ ಎಂಬುದು. ಕನಿಷ್ಠ ಒಂದು ವರ್ಷದ ಮಾನ್ಯ ಕೋರ್ಸಿನಲ್ಲಿರುವ ವಿದ್ಯಾರ್ಥಿಗೆ ಎರಡೂ ದಾರಿ ತೆರೆದಿವೆ. ಹಾಸ್ಟೆಲ್ ವಿಳಾಸಕ್ಕೆ ಪ್ರಾಂಶುಪಾಲರ ದೃಢೀಕರಣ ಬೇಕು. ರಜೆಗೆ ತಪ್ಪದೆ ಮನೆಗೆ ಹೋಗುವವರಿಗೆ ಊರಿನ ವಿಳಾಸವೇ ಸರಿ, ಕೋರ್ಸ್ ಮುಗಿದ ಮೇಲೆ ಮತ್ತೆ ವರ್ಗಾಯಿಸುವ ಕೆಲಸ ಇರುವುದಿಲ್ಲ. ದೂರದ ಜಿಲ್ಲೆಯಿಂದ ಇಂಜಿನಿಯರಿಂಗ್‌ಗೆ ಬಂದವರು ಹಾಸ್ಟೆಲ್ ವಿಳಾಸ ಕೊಡಲಿ. ಕಡೂರಿನವರಿಗೆ ಒಂದು ಮಾತು ಮುಂಚೆಯೇ ಹೇಳಿ: ಜಿಲ್ಲೆ ಚಿಕ್ಕಮಗಳೂರಾದರೂ ಕಡೂರು ಕ್ಷೇತ್ರ ಹಾಸನ ಲೋಕಸಭೆಗೆ ಸೇರಿದೆ, ಮೂಡಿಗೆರೆ, ಶೃಂಗೇರಿ, ತರೀಕೆರೆ, ಚಿಕ್ಕಮಗಳೂರು ಉಡುಪಿ-ಚಿಕ್ಕಮಗಳೂರಿಗೆ.

ಈಗ ಅರ್ಜಿ. ಪ್ರತಿಯೊಬ್ಬರೂ ತಮ್ಮದೇ ಮೊಬೈಲಿನಿಂದ, ತಮ್ಮದೇ ನಂಬರಿನಿಂದ ಲಾಗಿನ್ ಆಗಬೇಕು. ಬೇಗ ಮುಗಿಯಲಿ ಎಂದು ಸ್ವಯಂಸೇವಕರೊಬ್ಬರ ನಂಬರಿನಿಂದ ಹತ್ತಾರು ಅರ್ಜಿ ಹಾಕುವುದುಂಟು. ಆಮೇಲೆ ಎಲ್ಲರ ಒಟಿಪಿ, ಸಂದೇಶ ಆ ಒಬ್ಬರಿಗೇ ಹೋಗುತ್ತದೆ, ಅವರು ಕಾಲೇಜು ಬಿಟ್ಟರೆ ಅರ್ಜಿಗಳ ಗತಿ ತಿಳಿಯುವುದಿಲ್ಲ. ಆಧಾರ್ ಪ್ರತಿಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿಸಿಕೊಳ್ಳುವುದಂತೂ ಬೇಡವೇ ಬೇಡ.

ಕನ್ನಡದ ಹೆಸರನ್ನು ಓದಿ ನೋಡದೆ ಸಲ್ಲಿಸಬೇಡಿ. ಇಂಗ್ಲಿಷಿನಲ್ಲಿ ಬರೆದದ್ದನ್ನು ಪೋರ್ಟಲ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಮಂಗಳಾ ಮಂಗಲ ಆಗಬಹುದು, ಗಣೇಶ ಗನೇಶ ಆಗಬಹುದು. ಕೀಲಿಮಣೆ ತೆರೆದು ಅಲ್ಲೇ ತಿದ್ದಿ. ಇನಿಷಿಯಲ್ ಆಧಾರಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ.

ಮಲೆನಾಡಿನಲ್ಲಿ ಅರ್ಜಿ ಬೀಳುವುದು ವಿಳಾಸದ ಕಾಲಂನಲ್ಲಿ. ಒಂಟಿ ಮನೆಗಳಿಗೆ, ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಎಷ್ಟೋ ಕಡೆ ಮನೆ ನಂಬರೇ ಇರುವುದಿಲ್ಲ. ಬರೀ ಗ್ರಾಮದ ಹೆಸರು ಬರೆದರೆ ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಓ, ಮನೆ ಹುಡುಕಲಾರರು. ಮನೆಯ ಹೆಸರು ಅಥವಾ ಎಸ್ಟೇಟಿನ ಹೆಸರು, ಹತ್ತಿರದ ಶಾಲೆ ಇಲ್ಲವೇ ಅಂಗನವಾಡಿ, ಅಂಚೆ, ಪಿನ್‌ಕೋಡ್ ಎಲ್ಲವನ್ನೂ ಬರೆಸಿ. ನಮೂನೆಯಲ್ಲಿ ಹೇಳಿದ ವಿಳಾಸದ ದಾಖಲೆ ಒಂದೂ ಇಲ್ಲದ ಲೈನ್ ಮನೆಯವರನ್ನು ವಾಪಸ್ ಕಳಿಸಬೇಡಿ. ಅವರ ಹೆಸರನ್ನು ಸ್ಥಳ ಪರಿಶೀಲನೆಯ ಮೇಲೆ ಸೇರಿಸಲು ಅವಕಾಶವಿದೆ.

ಕಳಸ, ಕೊಪ್ಪದ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಮುದ್ರಿತ ನಮೂನೆ 6 ಐವತ್ತಾದರೂ ಇಟ್ಟುಕೊಂಡಿರಿ, 4.5×3.5 ಸೆಂ.ಮೀ. ಫೋಟೋ ಅಂಟಿಸಿ ಬಿಎಲ್‌ಓಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ (ಎಸ್ಐಆರ್) ನಡೆಯುತ್ತಿದ್ದರೆ ಹೆಚ್ಚುವರಿ ಘೋಷಣೆ ಕೇಳುತ್ತಾರೆ, ಚುನಾವಣಾ ಶಾಖೆಯಲ್ಲಿ ವಿಚಾರಿಸಿಕೊಂಡೇ ಮೇಜು ಹಾಕಿ. ದುಡ್ಡು ಕೇಳುವ ಆ್ಯಪ್‌ಗಳನ್ನೂ ಜಾಲತಾಣಗಳನ್ನೂ ದೂರವಿಡಿ. ನೋಂದಣಿಗೆ ಒಂದು ಪೈಸೆಯೂ ಇಲ್ಲ.

ಅರ್ಜಿಯ ಬೆನ್ನು ಹತ್ತುವುದು

ಸಲ್ಲಿಸಿದಾಗ ಬರುವ ಉಲ್ಲೇಖ ಸಂಖ್ಯೆಯನ್ನು ವಿದ್ಯಾರ್ಥಿಯ ಹೆಸರಿನೊಂದಿಗೆ ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ವಾರಕ್ಕೊಮ್ಮೆ ಆಯಾ ವಿದ್ಯಾರ್ಥಿಯಿಂದಲೇ ಸ್ಥಿತಿ ನೋಡಿಸಿ. ಆಕ್ಷೇಪಣೆಗೆ ಏಳು ದಿನ ಬಿಡುತ್ತಾರೆ, ಪರಿಶೀಲನೆಯೂ ಸೇರಿ ಕೆಲವು ವಾರ ಹಿಡಿಯಬಹುದು.

ಅರ್ಜಿ ತಿರಸ್ಕಾರವಾಗುವ ಒಂದು ದಾರಿಯನ್ನು ಮೊದಲೇ ಮುಚ್ಚಬಹುದು. ಬಿಎಲ್‌ಓ ಮನೆಗೆ ಬಂದಾಗ ಅಮ್ಮನೋ ಅಜ್ಜಿಯೋ ಸಹಜವಾಗಿ ‘ಅವನು ಇಲ್ಲಿಲ್ಲ, ಓದೋಕೆ ಹೋಗಿದ್ದಾನೆ’ ಎಂದುಬಿಡುತ್ತಾರೆ. ‘ವಾಸವಿಲ್ಲ’ ಎಂದು ದಾಖಲಾದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅರ್ಜಿ ಹಾಕಿದ ದಿನವೇ ಮನೆಗೆ ಫೋನ್ ಮಾಡಿಸಿ, ‘ಹಾಸ್ಟೆಲಲ್ಲಿದ್ದಾನೆ, ರಜೆಗೆ ಬರ್ತಾನೆ, ಮನೆ ಇದೇ’ ಎಂದು ಹೇಳಲು ತಿಳಿಸಿ. ಬಿಎಲ್‌ಓ ಹೆಚ್ಚಾಗಿ ಊರಿನ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಅವರ ನಂಬರು ಪೋರ್ಟಲಿನಲ್ಲಿದೆ, ನೇರವಾಗಿ ಮಾತಾಡಿಸಿ. ಸಿಗದಿದ್ದರೆ ಮತದಾರರ ಸಹಾಯವಾಣಿ 1950.

ಚುನಾವಣೆ ಘೋಷಣೆಯಾದ ಮೇಲೆ ಓಡಾಡಿ ಪ್ರಯೋಜನ ಕಡಿಮೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಸೇರ್ಪಡೆ ಇಲ್ಲ, ಏಳು ದಿನದ ಆಕ್ಷೇಪಣೆ ಅವಧಿ ಇರುವುದರಿಂದ ಅದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಅರ್ಜಿ ಹೋಗಿರಬೇಕು.

ಪೋಸ್ಟರ್, ಅಣಕು ಮತದಾನ

ಪೋಸ್ಟರಿಗೆ ಘೋಷಣೆಗಿಂತ ಅಂಕಿ ಒಳ್ಳೆಯದು. 2023ರ ವಿಧಾನಸಭಾ ಚುನಾವಣೆಯಲ್ಲಿ ಘೋಷಣೆಯಾದ ಗೆಲುವಿನ ಅಂತರ ಮೂಡಿಗೆರೆಯಲ್ಲಿ 722, ಶೃಂಗೇರಿಯಲ್ಲಿ 201. ಪಕ್ಕದಲ್ಲಿ ನಿಮ್ಮ ಕಾಲೇಜಿನ ವಿದ್ಯಾರ್ಥಿಗಳ ಸಂಖ್ಯೆ ಬರೆಯಿರಿ, ಅಭ್ಯರ್ಥಿಯ ಹೆಸರೂ ಪಕ್ಷವೂ ಬೇಡ. ಅಣಕು ಮತದಾನದಲ್ಲಿ ನಿಜವಾದ ಚಿಹ್ನೆಗಳನ್ನು ಬಳಸಬೇಡಿ. ಯಾರಿಗೆ ಮತ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಮಾತ್ರ ಕಾಣುತ್ತದೆ, ನೋಡದೆ ಹೊರಟುಬಿಡಬಾರದು ಎಂದು ತಪ್ಪದೆ ತೋರಿಸಿ.

ಮತದಾನದ ವಾರ

ಮತ ಹಾಕಲು ಊರಿಗೆ ಹೋಗುವವರ ಬಸ್ ಸೀಟನ್ನು ದಿನಾಂಕ ಗೊತ್ತಾದ ಕೂಡಲೇ ಕಾಯ್ದಿರಿಸಿ. ಪಟ್ಟಿಯಲ್ಲಿ ಹೆಸರು, ಭಾಗ ಸಂಖ್ಯೆ, ಮತಗಟ್ಟೆಯನ್ನು ಹೊರಡುವ ಮೊದಲು ಇನ್ನೊಮ್ಮೆ ನೋಡಿಸಿ. ವೋಟರ್ ಐಡಿ ಕೈಸೇರದಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಅಥವಾ ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ತೋರಿಸಬಹುದು, ಮೂಲ ಪ್ರತಿಯನ್ನೇ ಒಯ್ಯಲಿ. ಮತದಾನಕ್ಕೆ ಮೊದಲು ಹಂಚುವ ಮತದಾರರ ಚೀಟಿ (ವೋಟರ್ ಸ್ಲಿಪ್) ಒಂದೇ ಸಾಲದು. ಕಾಲೇಜಿನ ಗುರುತಿನ ಚೀಟಿ ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಇಲ್ಲ.