ವಿನ್ ಸ್ಕಲ್ಲಿ ಅವರನ್ನು ಕೇಳುತ್ತಾ ನಾನು ಮೈಕ್ ಹಿಡಿದದ್ದು

2012ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಾಗ ನನಗೆ ಬೇಸ್‌ಬಾಲ್ ಬಗ್ಗೆ ಏನೂ ಗೊತ್ತಿರಲಿಲ್ಲ. ಆಫೀಸಿನಿಂದ ಹೊರಡುವಷ್ಟರಲ್ಲಿ ಏಳು ಗಂಟೆ ಆಗಿರುತ್ತಿತ್ತು, 405 ಹೆದ್ದಾರಿಯಲ್ಲಿ ಕಾರುಗಳು ಇರುವೆ ಸಾಲಿನ ಹಾಗೆ. ಬೇಜಾರಿಗೆ ಒಂದು ದಿನ ರೇಡಿಯೊ ಹಾಕಿದೆ. ಎಎಂ 570ರಲ್ಲಿ ಹಿರಿಯರೊಬ್ಬರ ದನಿ, ಎಲ್ಲೇ ಇರಿ ನಿಮಗೆಲ್ಲ ಶುಭ ಸಂಜೆ ಅಂತ ಶುರು ಮಾಡಿದರು. ಅವರೇ ಬೇಸ್‌ಬಾಲ್ ವೀಕ್ಷಕ ವಿವರಣೆಗಾರ ವಿನ್ ಸ್ಕಲ್ಲಿ. ಆಗ ಅವರಿಗೆ 84 ವರ್ಷ. ಈಗ ಲಾಸ್ ಏಂಜಲೀಸ್‌ನದಾಗಿರುವ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಇನ್ನೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದಾಗ, 1950ರಲ್ಲಿ ಕೆಲಸ ಶುರು ಮಾಡಿದವರು!

ಚಿಕ್ಕಂದಿನಲ್ಲಿ ಅಜ್ಜನ ಪಕ್ಕ ಕೂತು ರೇಡಿಯೊದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದವನು ನಾನು. ಆ ದನಿ ಕೇಳಿದ ಕೂಡಲೇ ಅಜ್ಜನ ಮನೆಯ ಜಗಲಿ ನೆನಪಾಯಿತು.

ಅವರ ಜೊತೆಗೆ ಇನ್ನೊಬ್ಬರು ಇರುತ್ತಿರಲಿಲ್ಲ. ಒಬ್ಬರೇ, ನೇರವಾಗಿ ನಮ್ಮ ಜೊತೆ ಮಾತು. ಆಟಗಾರನ ಊರು, ಅವನ ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ಕತೆ ಹೇಳುತ್ತಿರುವಾಗ ಚೆಂಡು ಬಂದರೆ ಕತೆ ಅಲ್ಲೇ ನಿಲ್ಲುತ್ತಿತ್ತು. ಒಂದು ಬಾಲ್, ಎರಡು ಸ್ಟ್ರೈಕ್ ಅಂತ ಲೆಕ್ಕ ಹೇಳಿ, ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರು. ಹೀಗೆ ಕೇಳಿ ಕೇಳಿಯೇ ನನಗೆ ಆಟ ಅರ್ಥವಾಗಿದ್ದು, ಯಾರೂ ಕೂರಿಸಿಕೊಂಡು ನಿಯಮ ಹೇಳಿಕೊಟ್ಟಿಲ್ಲ. ಪಂದ್ಯದ ಒಂಬತ್ತು ಇನ್ನಿಂಗ್ಸ್‌ನಲ್ಲಿ ರೇಡಿಯೊದಲ್ಲಿ ಅವರು ಮೊದಲ ಮೂರಕ್ಕೆ ಮಾತ್ರ ಇರುತ್ತಿದ್ದರು, ಆಮೇಲೆ ಬರೀ ಟಿವಿ. 2014ರಿಂದ ಡಾಡ್ಜರ್ಸ್ ಪಂದ್ಯ ತೋರಿಸುವ ಚಾನೆಲ್ ನಮ್ಮ ಮನೆಗೆ ಬರುತ್ತಿರಲಿಲ್ಲ, ಹಾಗಾಗಿ ಮನೆ ಮುಟ್ಟಿದ ಮೇಲೂ ಮೂರನೇ ಇನ್ನಿಂಗ್ಸ್ ಮುಗಿಯುವವರೆಗೆ ಕಾರಿನಲ್ಲೇ ಕೂತಿರುತ್ತಿದ್ದೆ.

ವಾರದ ಕೊನೆಗೆ ನಾವು ಗೆಳೆಯರು ವ್ಯಾನ್ ನೈಸ್‌ನ ವುಡ್ಲಿ ಪಾರ್ಕ್‌ನಲ್ಲಿ ಕ್ರಿಕೆಟ್ ಆಡುತ್ತೇವೆ. ಒಂದು ಟೂರ್ನಿಯಲ್ಲಿ ನನಗೆ ಮೈಕ್ ಕೊಟ್ಟರು. ಅವತ್ತು ಬಿಡುವೇ ಇಲ್ಲದೆ ಮಾತಾಡಿದೆ. ಪ್ರತಿ ಚೆಂಡಿಗೂ ಕೂಗು, ನಮ್ಮ ತಂಡ ಹೊಡೆದರೆ 'ನಾವು ಗೆದ್ದೆವು' ಅಂತ. ಸಂಜೆ ರೆಕಾರ್ಡಿಂಗ್ ಕೇಳಿದರೆ ಸ್ಕೋರ್ ಎಷ್ಟು ಅಂತಲೇ ಗೊತ್ತಾಗುತ್ತಿರಲಿಲ್ಲ. ಬಹಳ ಬೇಸರವಾಯಿತು.

ಆಮೇಲೆ ಸ್ಕಲ್ಲಿ ಅವರನ್ನು ಕಲಿಯಲಿಕ್ಕೆ ಅಂತಲೇ ಕೇಳಿದೆ. ಡಾಡ್ಜರ್ಸ್ ಸಂಬಳದಲ್ಲಿದ್ದೂ ಅವರು 'ನಾವು' ಅನ್ನುತ್ತಿರಲಿಲ್ಲ. ಅವರನ್ನು ತಿದ್ದಿ ತೀಡಿದ ಹಿರಿಯ ವಿವರಣೆಗಾರ ರೆಡ್ ಬಾರ್ಬರ್ ಮೂರು ನಿಮಿಷದ ಮರಳು ಗಡಿಯಾರ ಮುಂದಿಟ್ಟುಕೊಂಡು, ಅದು ಖಾಲಿಯಾದಾಗಲೆಲ್ಲ ಸ್ಕೋರ್ ಹೇಳುತ್ತಿದ್ದರಂತೆ. ನಾನೂ ಮಕ್ಕಳ ಆಟದ ಪೆಟ್ಟಿಗೆಯಿಂದ ಒಂದು ತೆಗೆದು ಮೇಜಿನ ಮೇಲಿಟ್ಟೆ, ಈಗಲೂ ಅದೇ ಇದೆ. ಆಟದ ಹಿಂದಿನ ದಿನ ಎರಡೂ ತಂಡದವರಿಗೆ ಫೋನ್ ಮಾಡಿ ಅವರ ಊರು, ಮೊದಲ ಬ್ಯಾಟ್ ಕೊಡಿಸಿದ್ದು ಯಾರು ಅಂತೆಲ್ಲ ಬರೆದುಕೊಳ್ಳುತ್ತೇನೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಸುಮ್ಮನಿರೋದು. 1988ರ ವರ್ಲ್ಡ್ ಸೀರೀಸ್‌ನ, ಅಂದರೆ ಬೇಸ್‌ಬಾಲ್‌ನ ಫೈನಲ್ ಸರಣಿಯ, ಮೊದಲ ಪಂದ್ಯ, ಎದುರಾಳಿ ಓಕ್ಲೆಂಡ್. ಡಾಡ್ಜರ್ಸ್‌ನ ಕಿರ್ಕ್ ಗಿಬ್ಸನ್ ಎರಡೂ ಕಾಲಿಗೆ ಪೆಟ್ಟಾಗಿ ಕುಂಟುತ್ತಾ ಬಂದು, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಔಟಾಗಿ, ಇನ್ನೊಬ್ಬರು ಔಟಾದರೆ ಮುಗಿಯಿತು ಅನ್ನುವಾಗ, ಹೋಂ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು 5-4ರಿಂದ ಗೆಲ್ಲಿಸಿದರು. ಚೆಂಡು ಹೋಯಿತು ಅಂತ ಹೇಳಿದ ಸ್ಕಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಬಾಯಿ ತೆರೆಯಲಿಲ್ಲ. ಬರೀ ಜನರ ಕೂಗು. ಅವರು ಹುಡುಗನಾಗಿದ್ದಾಗ ದೊಡ್ಡ ರೇಡಿಯೊ ಕೆಳಗೆ ದಿಂಬು ಹಾಕಿಕೊಂಡು ಮಲಗಿ, ಮೇಲಿಂದ ಸುರಿಯುವ ಆ ಕೂಗಿನ ಸದ್ದಿಗೇ ಮನಸೋತಿದ್ದರಂತೆ. ತಾನು ಕೇಳಿದ್ದನ್ನು ನಮಗೂ ಕೇಳಿಸಿದರು ಅಲ್ವಾ?

2016ರ ಅಕ್ಟೋಬರ್ 2ರಂದು, 67ನೇ ಸೀಸನ್ ಮುಗಿಸಿ ಅವರು ನಿವೃತ್ತರಾದರು. 2022ರ ಆಗಸ್ಟ್ 2ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ರಾತ್ರಿ ಮನೆಯಲ್ಲಿ ಅವರ 1965ರ ರೆಕಾರ್ಡಿಂಗ್ ಹಾಕಿ ಕೂತೆ. ಡಾಡ್ಜರ್ಸ್‌ನ ಪಿಚರ್ (ಚೆಂಡು ಎಸೆಯುವವರು) ಸ್ಯಾಂಡಿ ಕೋಫ್ಯಾಕ್ಸ್ ಒಬ್ಬ ಬ್ಯಾಟರ್‌ನನ್ನೂ ಬೇಸ್ ಮುಟ್ಟಗೊಡದೆ ಮುಗಿಸಿದ ಪಂದ್ಯ ಅದು. ಕೊನೆಯ ಇನ್ನಿಂಗ್ಸ್‌ನಲ್ಲಿ ಸ್ಕಲ್ಲಿ ತಾರೀಕು ಹೇಳುತ್ತಾರೆ, ಮತ್ತೆ ಮತ್ತೆ ಗಡಿಯಾರ ನೋಡಿ ಸಮಯ ಹೇಳುತ್ತಾರೆ. ಮುಗಿದಾಗ ರಾತ್ರಿ 9:46. ಮುಂದೆ ಆ ಆಟಗಾರ ಕೇಳುವಾಗ ಅದು ಯಾವ ಗಳಿಗೆ ಅಂತ ಗೊತ್ತಿರಲಿ ಅಂತ.

ಅದಾದ ಮೇಲಿನ ಟೂರ್ನಿಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಮೊದಲ ಸಲ ಐವತ್ತು ಹೊಡೆದ. ಅವನಮ್ಮ ಬೌಂಡರಿ ಪಕ್ಕ ಫೋನ್ ಹಿಡಿದು ನಿಂತಿದ್ದರು. ನಾನು ಹುಡುಗನ ಹೆಸರು ಹೇಳಿದೆ, ತಾರೀಕು ಹೇಳಿದೆ, ಮಧ್ಯಾಹ್ನ 3 ಗಂಟೆ 20 ನಿಮಿಷ ಅಂದೆ. ಆಮೇಲೆ ಮೈಕ್ ಕೆಳಗಿಟ್ಟು ಚಪ್ಪಾಳೆ ಮುಗಿಯುವವರೆಗೆ ಸುಮ್ಮನೆ ಕೂತೆ.