ಅರವತ್ತು ಜನಕ್ಕೆ ಬಾರ್ಬೆಕ್ಯೂ: ಕೆಂಡ ಕಾಯುವ ಕೆಲಸ

ಮಲೆನಾಡಿನ ಹೋಂಸ್ಟೇಗಳಲ್ಲಿ ಬಾರ್ಬೆಕ್ಯೂ ಸೀಸನ್ನೂ ಕಾಫಿ ತೋಟ ಒಣಗುವ ಸೀಸನ್ನೂ ಒಂದೇ. ಡಿಸೆಂಬರ್‌ನಿಂದ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ ಸಿಲ್ವರ್ ಓಕ್ ತರಗೆಲೆ ನೆಲದ ತುಂಬ ಹಾಸಿರುತ್ತದೆ, ಒಂದು ಕಿಡಿ ಸಾಕು. 50–60 ಜನರ ಗುಂಪಿಗೆ ಇದ್ದಿಲಿನ ಗ್ರಿಲ್ ಹಾಕುವಾಗ ನಾವು ಪಾಲಿಸಿಕೊಂಡು ಬಂದ ಕ್ರಮ ಇದು.

ಜಾಗಕ್ಕೆ ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಶಾಮಿಯಾನ, ಸೋಗೆ ಚಪ್ಪರ, ಟಾರ್ಪಾಲು, ಗೋಣಿಚೀಲದ ರಾಶಿ ಯಾವುದೇ ಇರಲಿ, ಗ್ರಿಲ್‌ನಿಂದ ಕನಿಷ್ಠ 10 ಅಡಿ ದೂರ. ಗಾಳಿ ಹೋಗುವ ಕಡೆಗಿದ್ದರೆ 20 ಅಡಿ. ಆದರೆ ಗುಡ್ಡದ ಇಳಿಜಾರಿನಲ್ಲಿ ಗಾಳಿಯನ್ನು ನಂಬಬಾರದು. ಹಗಲು ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿ ಕತ್ತಲಾದ ಮೇಲೆ ಗುಡ್ಡದಿಂದ ಕೆಳಕ್ಕೆ ಇಳಿಯುತ್ತದೆ. ಸಂಜೆ 5ಕ್ಕೆ ಗಾಳಿ ನೋಡಿ ಇಟ್ಟ ಗ್ರಿಲ್, ಊಟದ ಹೊತ್ತಿಗೆ ಶಾಮಿಯಾನದ ಕಡೆಗೇ ಕಿಡಿ ಹಾರಿಸಬಹುದು. ಹಾಗಾಗಿ ಎರಡೂ ಕಡೆ ತರಗೆಲೆ ಗುಡಿಸಿ ನೆಲಕ್ಕೆ ನೀರು ಚಿಮುಕಿಸುತ್ತೇವೆ. ಗ್ರಿಲ್ ಅಡಿಗೆ ತಗಡು ಹಾಸಿ ಎರಡು ಇಂಚು ಒಣ ಮರಳು ಹರಡುತ್ತೇವೆ. ಕೆಂಡ ನೇರ ಸಿಮೆಂಟಿಗೆ ಬಿದ್ದರೆ ಒಳಗಿನ ತೇವ ಕಾದು, ಸಿಮೆಂಟು ಚಕ್ಕೆಯಾಗಿ ಸಿಡಿಯುತ್ತದೆ.

ಡ್ರಮ್ ಸೀಳಿ ಗ್ರಿಲ್ ಮಾಡಿಸುವವರಿಗೆ ಒಂದು ಮಾತು. ಥಿನ್ನರ್, ಆಯಿಲ್, ಗಿಡಕ್ಕೆ ಹೊಡೆಯುವ ಔಷಧಿ ತುಂಬಿದ್ದ ಡ್ರಮ್ ಬೇಡವೇ ಬೇಡ. ಖಾಲಿ ಡ್ರಮ್ಮಿನೊಳಗೆ ಉಳಿದ ಆವಿಗೆ ಕಟ್ಟರ್ ಕಿಡಿ ತಾಗಿದರೆ ಡ್ರಮ್ಮೇ ಸಿಡಿಯುತ್ತದೆ. ಜಾಲರಿಗೆ ಜಿಂಕ್ ಲೇಪದ ಬೇಲಿ ಮೆಶ್ ಕೂಡ ಬೇಡ, ಕೆಂಡದ ಮೇಲೆ ಅದರ ಹೊಗೆ ವಿಷ.

12 ಕೆಜಿ ಕೋಳಿಗೆ ನಮಗೆ ಸುಮಾರು 12 ಕೆಜಿ ಇದ್ದಿಲು ಹಿಡಿಯುತ್ತದೆ. ಅಷ್ಟನ್ನೂ ಒಂದೇ ಗ್ರಿಲ್‌ಗೆ ಸುರಿಯುವುದಿಲ್ಲ, ಎರಡು ಅರ್ಧ ಡ್ರಮ್‌ಗಳಿಗೆ ಹಂಚುತ್ತೇವೆ. ಹೊತ್ತಿಸಲು ಎರಡೂ ಬದಿ ಕತ್ತರಿಸಿ ಬುಡದ ಸುತ್ತ ತೂತು ಹೊಡೆದ 15 ಕೆಜಿ ಎಣ್ಣೆ ಡಬ್ಬ ಸಾಕು. ಕೆಳಗೆ ಒಣ ಕರಟ ಮತ್ತು ನಾಲ್ಕೈದು ಬಿಲ್ಲೆ ಕರ್ಪೂರ, ಮೇಲೆ ಇದ್ದಿಲು. ಇಪ್ಪತ್ತು ನಿಮಿಷದಲ್ಲಿ ಮೇಲಿನ ತುಂಡುಗಳ ಅಂಚು ಬೂದು ಬಣ್ಣಕ್ಕೆ ತಿರುಗುತ್ತದೆ. ಆಗ ಇಕ್ಕಳದಿಂದ ಡಬ್ಬ ಎತ್ತಿದರೆ ಕೆಂಡ ತಾನಾಗಿ ಹರಡಿಕೊಳ್ಳುತ್ತದೆ. ಟೇಬಲ್ ಫ್ಯಾನ್ ಇಡಬೇಡಿ, ಬೀಸಣಿಗೆ ಸಾಕು. ಫ್ಯಾನ್ ಹಾರಿಸುವ ಕಿಡಿಗೆ ಲೆಕ್ಕವಿಲ್ಲ.

ಅಪಾಯ ಹೆಚ್ಚು ಇರುವುದು ಉರಿ ಎದ್ದಾಗಲ್ಲ, ಕೆಂಡ ಆರಿದಂತೆ ಕಂಡಾಗ. ಎರಡನೇ ಸುತ್ತಿನ ಕೋಳಿ ಬರುವಷ್ಟರಲ್ಲಿ ಕೆಂಡದ ಮೇಲೆ ಬೂದಿ ಕಟ್ಟಿರುತ್ತದೆ. ಯಾರೋ ಒಬ್ಬರು "ಬೆಂಕಿ ಹೋಗಿದೆ ಮಾರಾಯ" ಅಂತ ಸೀಮೆಎಣ್ಣೆ, ಪೆಟ್ರೋಲ್ ಅಥವಾ ಸ್ಯಾನಿಟೈಸರ್ ಬಾಟಲಿ ತಂದು ಬಗ್ಗಿಸುತ್ತಾರೆ. ದ್ರವ ಕಾದ ಕೆಂಡಕ್ಕೆ ಬಿದ್ದ ಕೂಡಲೇ ಆವಿಯಾಗುತ್ತದೆ, ಆವಿಗೆ ಬೆಂಕಿ ಹಿಡಿದು ಧಾರೆಯುದ್ದಕ್ಕೂ ಹತ್ತಿ ಬಾಟಲಿಗೆ ನುಗ್ಗುತ್ತದೆ. ಬಾಟಲಿಯಿಂದ ಚಿಮ್ಮುವ ಜ್ವಾಲೆ ಎದುರು ನಿಂತವರ ಮುಖಕ್ಕೆ ಬಡಿಯುತ್ತದೆ. ಸ್ಯಾನಿಟೈಸರ್ ಉರಿ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅದಕ್ಕೇ ಇಂಥ ಬಾಟಲಿಗಳನ್ನು ಕಣದ ಹತ್ತಿರ ಬಿಡುವುದೇ ಇಲ್ಲ. ಇದ್ದಿಲು ಸಾಲದಾದರೆ ಡಬ್ಬದಲ್ಲಿ ಬೇರೆಯಾಗಿ ಹೊತ್ತಿಸಿ ತಂದು ಸೇರಿಸುತ್ತೇವೆ. ಕೆಂಡ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಅಂಗೈಯೇ ಸಾಕ್ಷಿ. ಒಂದು ಗೇಣು ಮೇಲೆ ಹಿಡಿದಾಗ ಮೂರು ಎಣಿಸುವಷ್ಟರಲ್ಲಿ ಕೈ ತಾನಾಗಿ ಹಿಂದೆ ಬಂದರೆ, ಕೆಂಡ ಚೆನ್ನಾಗಿಯೇ ಇದೆ.

ಚರ್ಮದ ಕೋಳಿಯ ಕೊಬ್ಬು ತೊಟ್ಟಿಕ್ಕಿದರೆ ಉರಿ ಏಳುವುದು ಸಹಜ. ಕೆಂಡವನ್ನು ಒಂದೇ ಬದಿಗೆ ಒತ್ತಿ ಇನ್ನರ್ಧ ಖಾಲಿ ಬಿಟ್ಟಿದ್ದರೆ, ತುಂಡುಗಳನ್ನು ಆ ಕಡೆಗೆ ಎಳೆದರೆ ಆಯಿತು. ನೀರು ಎರಚಿದರೆ ಕಾದ ಕೊಬ್ಬು ಸಿಡಿದು ಮೈಗೆ ಹಾರುತ್ತದೆ.

ಪ್ರತಿ ಗ್ರಿಲ್‌ಗೆ ಒಬ್ಬರು, ಕೆಲಸ ಮುಗಿಯುವ ತನಕ ಕುಡಿಯದವರು. ಹತ್ತಿ ಬಟ್ಟೆ, ಮುಚ್ಚಿದ ಚಪ್ಪಲಿ, ಸೆರಗು ದುಪಟ್ಟಾ ಬಿಗಿದು ಸಿಕ್ಕಿಸಿಕೊಂಡಿರಬೇಕು. ಸುತ್ತ ಮೂರು ಅಡಿಗೆ ಹಗ್ಗ ಕಟ್ಟುತ್ತೇವೆ, ಮಕ್ಕಳು ಅದರಾಚೆ. ಎರಡು ಬಕೆಟ್ ಮರಳು, ಎರಡು ಬಕೆಟ್ ನೀರು, ನಲ್ಲಿಗೆ ಸಿಕ್ಕಿಸಿದ ಪೈಪ್, ಬೆಂಕಿ ನಂದಿಸುವ 6 ಕೆಜಿ ಎಬಿಸಿ ಪೌಡರ್ ಸಿಲಿಂಡರ್ ಸಿದ್ಧವಿರಬೇಕು. ಸಿಲಿಂಡರನ್ನು ಗ್ರಿಲ್ ಪಕ್ಕ ಇಡಬೇಡಿ, ಹತ್ತು ಹೆಜ್ಜೆ ಆಚೆ ಇರಲಿ. ಬೆಂಕಿ ದಾಟಿ ಅದನ್ನು ತೆಗೆಯಲು ಆಗುವುದಿಲ್ಲ. ಗೇಜಿನ ಮುಳ್ಳು ಹಸಿರಿನಲ್ಲಿದೆಯೇ ಅಂತ ಬೆಳಿಗ್ಗೆಯೇ ನೋಡಿ. ಪೌಡರ್ ಅರ್ಧ ನಿಮಿಷವೂ ಬರುವುದಿಲ್ಲ, ಹಾಗಾಗಿ ಪಿನ್ ಎಳೆದ ಮೇಲೆ ಜ್ವಾಲೆಯ ತುದಿಗಲ್ಲ, ಬುಡಕ್ಕೇ ಹೊಡೆಯಬೇಕು. ಬೆಂಕಿ ಕೈಮೀರುವ ಸೂಚನೆ ಕಂಡರೆ ಕಾಯದೆ 101 ಅಥವಾ 112ಕ್ಕೆ ಕರೆ ಮಾಡಿ.

ಉಡುಪಿಗೆ ಬೆಂಕಿ ಹತ್ತಿದವರನ್ನು ಓಡಲು ಬಿಡಬಾರದು. ನೆಲಕ್ಕೆ ಮಲಗಿಸಿ, ಕುರಿ ಉಣ್ಣೆಯ ಕಂಬಳಿ ಹೊದಿಸಿ ಉರುಳಿಸಬೇಕು. ನೈಲಾನ್ ರಗ್ಗು ಕರಗಿ ಮೈಗೆ ಅಂಟುತ್ತದೆ. ಸುಟ್ಟ ಜಾಗವನ್ನು ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಊತ ಬರುವ ಮೊದಲೇ ಬಳೆ ಉಂಗುರ ತೆಗೆಯಿರಿ. ಪೇಸ್ಟು, ಇಂಕು, ಐಸು ಹಚ್ಚಬೇಡಿ.

ರಾತ್ರಿ ಚಳಿಗೆ ಅತಿಥಿಗಳು ಕೆಂಡದ ಬಾಣಲೆಯನ್ನು ಟೆಂಟಿಗೋ ರೂಮಿಗೋ ಕೇಳುತ್ತಾರೆ. ಎಷ್ಟು ಬೇಡಿಕೊಂಡರೂ ಕೊಡುವುದಿಲ್ಲ. ಹೊಗೆಯಿಲ್ಲದ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತಾಗುವ ಮೊದಲೇ ಪ್ರಾಣ ಹೋಗುತ್ತದೆ. ಬದಲಿಗೆ ಇನ್ನೊಂದು ಕಂಬಳಿ ಕೊಡುತ್ತೇವೆ.

ಕೊನೆಗೆ ಕೆಂಡ ಆರಿಸುವುದು. ತುಂಬಿದ ಗ್ರಿಲ್‌ಗೆ ಕೊಡ ನೀರು ಸುರಿದರೆ ಹಬೆ ಮತ್ತು ಬಿಸಿ ಬೂದಿ ಮುಖಕ್ಕೆ ಹೊಡೆಯುತ್ತದೆ. ಕಬ್ಬಿಣದ ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ, ಇಕ್ಕಳದಲ್ಲಿ ಒಂದೊಂದೇ ಕೆಂಡ ಅದರೊಳಗೆ ಬಿಡುತ್ತೇವೆ. ಉಳಿದ ಬೂದಿಯನ್ನು ಸಲಿಕೆಯಿಂದ ಸ್ವಲ್ಪ ಸ್ವಲ್ಪವೇ ಹಾಕಿ ಕಲಕುತ್ತೇವೆ. ನೀರು ಕಾಣದ ಬೂದಿಯೊಳಗೆ ಕೆಂಡ ಒಂದೆರಡು ದಿನ ಬದುಕಿರಬಲ್ಲದು. ಕಸದ ಬುಟ್ಟಿಗೆ, ಗಿಡದ ಬುಡಕ್ಕೆ ಅದನ್ನು ಸುರಿಯಬಾರದು. ಮಾರನೆಯ ದಿನ ಬಕೆಟ್ಟಿನ ಹೊರಮೈ ಮುಟ್ಟಿ ನೋಡಿ, ಕೋಲಿನಿಂದ ಅಡಿತನಕ ಕೆದಕಿ, ಎಲ್ಲೂ ಬಿಸಿಯಿಲ್ಲ ಅಂತಾದ ಮೇಲೆಯೇ ಬೂದಿ ತೋಟಕ್ಕೆ ಹೋಗುತ್ತದೆ.