ಎಫ್ ಇಲ್ಲದ ಪ್ರೊಸೆಸರ್: ಮದುವೆ ವಿಡಿಯೊಗಾಗಿ ನಾನೇ ಜೋಡಿಸಿದ ಕಂಪ್ಯೂಟರ್

ಕಳೆದ ಮದುವೆ ಹಂಗಾಮಿನಲ್ಲಿ ಹನ್ನೊಂದು ಮದುವೆಗಳ ವಿಡಿಯೊಗಳನ್ನು ಒಂದೇ ಒಂದು ಪ್ರಾಕ್ಸಿ ಫೈಲ್ (ಎಡಿಟಿಂಗ್ ಹಗುರವಾಗಲೆಂದು ಮಾಡುವ ಕಡಿಮೆ ಗುಣಮಟ್ಟದ ನಕಲು) ಮಾಡದೆ ಎಡಿಟ್ ಮಾಡಿ ಕೊಟ್ಟೆ. ಅದೇ ಯಂತ್ರದಲ್ಲಿ ರಾತ್ರಿ ನನ್ನ ತಮ್ಮ ಆಟವಾಡುತ್ತಾನೆ. ಇದನ್ನು ಜೋಡಿಸಲು ಹೊರಟಾಗ ಕಲಬುರಗಿಯ ನಮ್ಮ ವೃತ್ತಿಯ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಎಂಟು ಕೋರಿನ ಎಎಂಡಿ ರೈಜನ್ ಪ್ರೊಸೆಸರ್ ಹಾಕು, ಉಳಿದ ದುಡ್ಡಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ತೆಗೆದುಕೋ" ಎನ್ನುವುದೇ ಎಲ್ಲರ ಮಾತು. ಈಗ ಅವರಲ್ಲಿ ಮೂವರು ನನ್ನ ಪಟ್ಟಿಯನ್ನೇ ಹಿಡಿದು ಯಂತ್ರ ಜೋಡಿಸಿಕೊಂಡಿದ್ದಾರೆ.

ಮೊದಲ ಸಲ ನಾನೂ ಎಲ್ಲರಂತೆಯೇ ಎಡವಿದೆ. 2022ರಲ್ಲಿ ಇಂಟೆಲ್‌ನ ಐ5-12400ಎಫ್ ಪ್ರೊಸೆಸರ್ (ಕೊನೆಯ ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲದ ಮಾದರಿ) ತೆಗೆದುಕೊಂಡೆ, ಹದಿನೈದೂವರೆ ಸಾವಿರ ಇದ್ದಿರಬೇಕು. ಎಫ್ ಇಲ್ಲದ್ದಕ್ಕೆ ಇನ್ನೂ ಸಾವಿರದ ಐನೂರರಷ್ಟು ಹೆಚ್ಚು. "ಬೇರೆ ಕಾರ್ಡ್ ಹಾಕುತ್ತೀರಲ್ಲ, ಒಳಗಿನ ಗ್ರಾಫಿಕ್ಸ್ ಯಾತಕ್ಕೆ" ಎಂದ ಅಂಗಡಿಯವನ ಮಾತು ಆಗ ಸರಿಯೆನಿಸಿತು. ಜೊತೆಗೆ 8 ಜಿಬಿಯ ಹಳೆಯ ಕಾರ್ಡ್. ಆಟಗಳು ಚೆನ್ನಾಗಿಯೇ ಓಡಿದವು. ಆದರೆ ಸೋನಿ ಎ7 4 ಮತ್ತು ಕ್ಯಾನನ್ ಆರ್6 ಕ್ಯಾಮೆರಾಗಳು ಕೊಡುವ 4:2:2, 10 ಬಿಟ್‌ನ (ಬಣ್ಣದ ವಿವರ ಹೆಚ್ಚಿರುವ) ಎಚ್.265 (ಹೆಚ್ಚು ಒತ್ತಿ ಚಿಕ್ಕದಾಗಿಸಿದ) ವಿಡಿಯೊ ಫೈಲುಗಳನ್ನು ಟೈಮ್‌ಲೈನಿಗೆ ಎಳೆದರೆ ಚಿತ್ರ ನಿಂತು ನಿಂತು ಹೋಗುತ್ತಿತ್ತು. ಅಕ್ಷತೆ ಹಾಕುವ ಕ್ಷಣವನ್ನು ಹುಡುಕಲು ನಾಲ್ಕು ಸಲ ಹಿಂದೆ ಮುಂದೆ ಎಳೆಯಬೇಕು, ಪ್ರತಿ ಸಲವೂ ಎರಡು ಮೂರು ಸೆಕೆಂಡು ಕಾಯಬೇಕು. ಕೊನೆಗೆ ಪ್ರತಿ ಮದುವೆಗೂ ರಾತ್ರಿಯಿಡೀ, ಐದಾರು ಗಂಟೆ, ಪ್ರಾಕ್ಸಿ ಮಾಡಲು ಬಿಟ್ಟು ಮಲಗುತ್ತಿದ್ದೆ. ನಡುರಾತ್ರಿ ಕರೆಂಟ್ ಹೋದರೆ ಬೆಳಗ್ಗೆ ಮತ್ತೆ ಮೊದಲಿನಿಂದ ಶುರು.

ಕಾರಣ ತಿಳಿಯಲು ಎಂಟು ತಿಂಗಳು ಬೇಕಾಯಿತು. ಎನ್‌ವಿಡಿಯಾದ ಆಗಿನ ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಕಾರ್ಡುಗಳು 4:2:2 ಎಚ್.265 ಅನ್ನು ಬಿಡಿಸುವುದೇ (ಡಿಕೋಡ್ ಮಾಡುವುದೇ) ಇಲ್ಲ. ರೈಜನ್ 7000ರ ಒಳಗಿನ ಪುಟ್ಟ ಗ್ರಾಫಿಕ್ಸ್ ಕೂಡ ಬಿಡಿಸುವುದಿಲ್ಲ. ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಬಿಡಿಸುತ್ತದೆ. ಎಫ್ ಮಾದರಿಗಳಲ್ಲಿ ಇಲ್ಲದಿರುವುದು ಅದೇ. ಇನ್ನೊಂದು ವಿಷಯವನ್ನೂ ಗಮನಿಸಿ. 12400ರಲ್ಲಿರುವುದು ಯುಎಚ್‌ಡಿ 730 ಎಂಬ ಗ್ರಾಫಿಕ್ಸ್, ಅದರಲ್ಲಿ ವಿಡಿಯೊ ಬಿಡಿಸುವ ಮೀಡಿಯಾ ಎಂಜಿನ್ ಒಂದೇ. 12500, 13500ರಂಥವುಗಳಲ್ಲಿ ಯುಎಚ್‌ಡಿ 770, ಅದರಲ್ಲಿ ಎರಡು. ಎರಡು ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ನೋಡುತ್ತಾ ಕತ್ತರಿಸುವವರಿಗೆ ಈ ವ್ಯತ್ಯಾಸ ಕೈಗೆ ತಾಗುತ್ತದೆ.

2023ರಲ್ಲಿ ಐ5-13500 ತಂದೆ, ಇಪ್ಪತ್ತೆರಡೂವರೆ ಸಾವಿರದ ಆಸುಪಾಸು. ಹಳೆಯ ಬಿ660 ಮದರ್‌ಬೋರ್ಡನ್ನೇ ಉಳಿಸಿಕೊಂಡಿದ್ದರಿಂದ ಹನ್ನೊಂದು ಸಾವಿರ ಉಳಿಯಿತು ಎಂದುಕೊಂಡೆ. 12400ಎಫ್ ಅನ್ನು ಒಂಬತ್ತು ಸಾವಿರಕ್ಕೆ ಊರಿನಲ್ಲೇ ಒಬ್ಬ ಹುಡುಗನಿಗೆ ಮಾರಿದೆ. ಹೊಸದನ್ನು ಕೂರಿಸಿದರೆ ಪರದೆಯಲ್ಲಿ ಏನೂ ಇಲ್ಲ. ಬೋರ್ಡಿನ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್) ಹಳೆಯದು, ಹದಿಮೂರನೆಯ ತಲೆಮಾರನ್ನು ಅದು ಗುರುತಿಸುವುದಿಲ್ಲ, ಪ್ರೊಸೆಸರ್ ಇಲ್ಲದೆ ಬಯೋಸ್ ಬದಲಿಸುವ ಸೌಲಭ್ಯವೂ ಆ ಬೋರ್ಡಿನಲ್ಲಿಲ್ಲ. ಮಾರಿದ ಪ್ರೊಸೆಸರನ್ನೇ ಒಂದು ಸಂಜೆಯ ಮಟ್ಟಿಗೆ ಆ ಹುಡುಗನಿಂದ ಕೇಳಿ ತಂದು, ಬಯೋಸ್ ಹೊಸದು ಮಾಡಿ ಹಿಂದಿರುಗಿಸಿದೆ. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವವರು ಬಯೋಸ್ ಕೆಲಸ ಮುಗಿಸಿಯೇ ಹಳೆಯದನ್ನು ಮಾರಿ.

ಯಂತ್ರ ಎದ್ದಿತು, ವಿಡಿಯೊ ಮಾತ್ರ ಮೊದಲಿನಂತೆಯೇ ಮುಗ್ಗರಿಸಿತು. ಆ ಎರಡು ದಿನ ಗೆಳೆಯರಿಗೆ ಮುಖ ತೋರಿಸಲಾಗಲಿಲ್ಲ. ತಪ್ಪು ಬಯೋಸ್‌ನಲ್ಲೇ ಇತ್ತು: ಬೇರೆ ಕಾರ್ಡ್ ಹಾಕಿದ ಕೂಡಲೇ ನನ್ನ ಬೋರ್ಡ್ ಒಳಗಿನ ಗ್ರಾಫಿಕ್ಸನ್ನು ತಾನೇ ಬಂದ್ ಮಾಡಿಬಿಡುತ್ತದೆ. ಐಜಿಪಿಯು ಮಲ್ಟಿ ಮಾನಿಟರ್ ಎಂಬ ಆಯ್ಕೆಯನ್ನು ಚಾಲೂ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೊದ ಡಿಕೋಡ್ ಆಯ್ಕೆಗಳಲ್ಲಿ ಇಂಟೆಲ್‌ಗೆ ಗುರುತು ಹಾಕಿದೆ. ಮೂರು ಕ್ಯಾಮೆರಾಗಳ ತಾಳಿ ಕಟ್ಟುವ ದೃಶ್ಯ ಬೆಣ್ಣೆಯಂತೆ ಜಾರಿತು. ಆ ರಾತ್ರಿ ಒಂದು ಗಂಟೆಗೆ ಗೆಳೆಯನೊಬ್ಬನನ್ನು ಎಬ್ಬಿಸಿ ತೋರಿಸಿದೆ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಇದು ಸಾಧ್ಯವಿಲ್ಲ. ಸ್ಟುಡಿಯೊ ಬೆಲೆ 295 ಡಾಲರ್, ಒಮ್ಮೆ ಕೊಟ್ಟರೆ ಮುಗಿಯಿತು.

ಕಾರ್ಡಿನ ವಿಷಯದಲ್ಲೂ ವಾದವಿತ್ತು. ನಾನು ಆರಿಸಿದ್ದು ಆರ್‌ಟಿಎಕ್ಸ್ 3060, 12 ಜಿಬಿ. ಆಟಕ್ಕೆ 8 ಜಿಬಿಯ 3060 ಟಿಐ ವೇಗವಾದದ್ದು, ನಿಜ. ಆದರೆ ಮಂಟಪದ ಮಂದ ಬೆಳಕಿನ 4ಕೆ ಚಿತ್ರಕ್ಕೆ ನಾಯ್ಸ್ ರಿಡಕ್ಷನ್ (ಚಿತ್ರದ ಚುಕ್ಕೆಗಳನ್ನು ತೆಗೆಯುವುದು) ಹಾಕಿದಾಗ 8 ಜಿಬಿಯಲ್ಲಿ ಮೆಮೊರಿ ತುಂಬಿತು ಎಂಬ ಸಂದೇಶ ಬಂದು ರೆಂಡರ್ ನಿಲ್ಲುತ್ತಿತ್ತು. 12 ಜಿಬಿಯಲ್ಲಿ ಇದುವರೆಗೆ ನಿಂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಅದಕ್ಕೆ ಬಳಸಿದ ಹಳೆಯ ಕಾರ್ಡುಗಳು ಮಾರುಕಟ್ಟೆಗೆ ಸುರಿದವು. ಬೆಳಗಿನ ರೈಲು ಹತ್ತಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಎಂಬ ಕಂಪ್ಯೂಟರ್ ಮಾರುಕಟ್ಟೆಗೆ ಹೋದೆ. ನಮಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಅದೇ ಹತ್ತಿರ. ನಲವತ್ತು ನಿಮಿಷ ಪೂರ್ತಿ ಭಾರ ಹಾಕಿ ಓಡಿಸಿ ನೋಡಿ, ಹದಿನೇಳೂವರೆ ಸಾವಿರಕ್ಕೆ ತಂದೆ. ಹಳೆಯ ಕಾರ್ಡನ್ನು ಕೈಗೆ ತೆಗೆದುಕೊಂಡ ಕೂಡಲೇ ನಾನು ನೋಡುವ ಎರಡು ಜಾಗಗಳಿವೆ. ಒಂದು ಹಿಂಬದಿಯಲ್ಲಿ ಎಣ್ಣೆ ಒಸರಿದ ಗುರುತು. ಇನ್ನೊಂದನ್ನು ಬರೆಯುವುದಿಲ್ಲ, ವರ್ಷಕ್ಕೆ ನಾಲ್ಕೈದು ಜನರಿಗೆ ಕಾರ್ಡ್ ಆರಿಸಿಕೊಟ್ಟು ಒಂದಿಷ್ಟು ಸಂಪಾದಿಸುತ್ತೇನೆ.

ಹೆಚ್ಚು ನೋವು ಕೊಟ್ಟದ್ದು ಎಸ್‌ಎಸ್‌ಡಿ. ಅಗ್ಗವೆಂದು ನಾಲ್ಕು ಸಾವಿರದ ಇನ್ನೂರಕ್ಕೆ ಒಂದು ಟಿಬಿಯ ಕ್ಯೂಎಲ್‌ಸಿ (ಅಗ್ಗದ, ಬರೆಯಲು ನಿಧಾನವಾದ ಬಗೆ) ತಂದಿದ್ದೆ. ಪರೀಕ್ಷೆಯಲ್ಲಿ ಸೆಕೆಂಡಿಗೆ ಎರಡು ಸಾವಿರ ಎಂಬಿ ತೋರಿಸಿದ ಅದೇ ಡಿಸ್ಕ್, ಒಂದು ಮದುವೆಯ 380 ಜಿಬಿ ಸುರಿಯುವಾಗ ಕ್ಯಾಶ್ (ವೇಗವಾಗಿ ಬರೆಯುವ ತಾತ್ಕಾಲಿಕ ಜಾಗ) ತುಂಬಿದ ಮೇಲೆ ತೊಂಬತ್ತು ಎಂಬಿಗೆ ಇಳಿಯಿತು. ನನ್ನ ಹಾರ್ಡ್‌ಡಿಸ್ಕ್ ಅದಕ್ಕಿಂತ ಚುರುಕು. ಈಗ ಕೆಲಸದ ಫೈಲುಗಳಿಗೆ ಡಿರಾಮ್ ಇರುವ ಟಿಎಲ್‌ಸಿ (ಬರೆಯುವಾಗ ವೇಗ ಉಳಿಸಿಕೊಳ್ಳುವ ಬಗೆ), ಆಗ ಆರು ಸಾವಿರದ ಎಂಟುನೂರು ಕೊಟ್ಟೆ. ಹಳೆಯದು ತಮ್ಮನ ಆಟಗಳಿಗೆ ಹೋಯಿತು. ಒಮ್ಮೆ ಬರೆದು ನೂರು ಸಲ ಓದುವುದಕ್ಕೆ ಅದು ಸಾಕು.

ರ್‍ಯಾಮ್ ಬಗ್ಗೆ ಹೇಳಲು ಹೆಚ್ಚಿಲ್ಲ: ಡಿಡಿಆರ್4, 16 ಜಿಬಿಯ ಎರಡು ಕಡ್ಡಿ, ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆಯ್ಕೆ ಚಾಲೂ. ಮುಂದೆ ಬೇರೆ ಕಂಪನಿಯ ಎರಡು ಕಡ್ಡಿ ಸೇರಿಸಲು ಹೋಗಿ ಮೂರು ದಿನ ಕಳೆದು, ಕಳಚಿ ಮಾರಿದೆ.

ವಿದ್ಯುತ್ತಿನ ಕತೆ ಬೇರೆಯೇ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತಿತ್ತು, ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತಿತ್ತು. ಪವರ್ ಸಪ್ಲೈ ಕೆಟ್ಟಿದೆಯೆಂದು ಬದಲಿಸಿ ಆರು ಸಾವಿರದ ಎಂಟುನೂರಕ್ಕೆ 650 ವ್ಯಾಟ್ ಗೋಲ್ಡ್ ತಂದೆ. ಮತ್ತೆ ಅದೇ. ಮನೆಯ ಅರ್ಥಿಂಗ್ ಸತ್ತಿತ್ತು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಹೊಸ ತಂತಿ ಎಳೆಸಿದ್ದಕ್ಕೆ ಮೂರೂವರೆ ಸಾವಿರ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಒಂದು ಬಕೆಟ್ ನೀರು ಹಾಕುತ್ತೇನೆ. ಹೊಸ ಸಪ್ಲೈ ಬಂದ ಮೇಲೆ ಹಳೆಯ 600 ವಿಎ ಯುಪಿಎಸ್ ಕರೆಂಟ್ ಹೋದ ಕ್ಷಣವೇ ಆರಿಹೋಗತೊಡಗಿತು. ಹೊಸ ಸಪ್ಲೈಯಲ್ಲಿರುವ ಆಕ್ಟಿವ್ ಪಿಎಫ್‌ಸಿ ಸರ್ಕಿಟ್‌ಗೂ ಆ ಯುಪಿಎಸ್ ಕೊಡುವ ಮೆಟ್ಟಿಲು ಆಕಾರದ ವಿದ್ಯುತ್ ಅಲೆಗೂ ಹಲವು ಸಲ ಹೊಂದುವುದಿಲ್ಲ. ಮನೆಯ ಸೈನ್‌ವೇವ್ (ನಯವಾದ ಅಲೆ ಕೊಡುವ) ಇನ್ವರ್ಟರನ್ನೇ ಯುಪಿಎಸ್ ಮೋಡಿಗೆ ತಿರುಗಿಸಿ ಬಳಸುತ್ತಿದ್ದೇನೆ, ಎರಡು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಏಪ್ರಿಲ್ ಮೇನಲ್ಲಿ ನಮ್ಮಲ್ಲಿ 42 ಡಿಗ್ರಿ. ರೆಂಡರ್ ವೇಳೆ ಪ್ರೊಸೆಸರ್ 95 ಮುಟ್ಟುತ್ತಿತ್ತು. ಕೆಳಗೆ ಶಹಾಬಾದ್ ಕಲ್ಲಿನ ಚಪ್ಪಡಿ ಇಟ್ಟು ನೋಡಿದೆ, ಒಂದು ಡಿಗ್ರಿಯೂ ಇಳಿಯಲಿಲ್ಲ. ಡೀಪ್‌ಕೂಲ್ ಎಕೆ400 ಕೂಲರ್ ಹಾಕಿ, ಪ್ರೊಸೆಸರಿಗೆ ಗರಿಷ್ಠ 154 ವ್ಯಾಟ್ ಇದ್ದ ಮಿತಿಯನ್ನು ನೂರಕ್ಕೆ ಇಳಿಸಿದೆ. ರೆಂಡರ್ ಆರೇಳು ಶೇಕಡಾ ನಿಧಾನ, ಶಾಖ 78. ಕಾರ್ಡಿನ ವೋಲ್ಟೇಜನ್ನೂ ಇಳಿಸಿದ್ದೇನೆ, ಆ ಅಂಕಿಗಳು ನನ್ನ ಬಳಿಯೇ ಇರಲಿ, ಅದಕ್ಕೆ ಹದಿನೈದು ರಾತ್ರಿ ಕೊಟ್ಟಿದ್ದೇನೆ. ತೊಗರಿ ರಾಶಿಯ ದಿನಗಳಲ್ಲಿ ಬರುವ ಸಣ್ಣ ಧೂಳಿಗೆ ಮೊದಲು ಹಳೆಯ ಹತ್ತಿ ಸೀರೆಯ ಬಟ್ಟೆ ಕಟ್ಟಿದೆ, ಗಾಳಿಯೇ ನಿಂತಿತು. ಸೊಳ್ಳೆಪರದೆಯ ನೈಲಾನ್ ಬಲೆ ಸರಿಹೋಯಿತು. ಮೂರು ಫ್ಯಾನ್ ಒಳಕ್ಕೆ, ಒಂದು ಹೊರಕ್ಕೆ.

ಎಲ್ಲ ಸೇರಿ, ಮಾನಿಟರ್ ಮತ್ತು ಸಾಫ್ಟ್‌ವೇರ್ ಬಿಟ್ಟು, ತೊಂಬತ್ತು ಸಾವಿರದ ಹತ್ತಿರ. ತಪ್ಪು ಖರೀದಿಗಳಲ್ಲಿ ಹೋದದ್ದು ಬೇರೆ ಹದಿನೈದು ಸಾವಿರವಾದರೂ ಇದೆ. ಮಾನಿಟರಿನಲ್ಲೂ ಒಮ್ಮೆ ಸೋತೆ. ಆಟಕ್ಕೆಂದು ತಂದ 165 ಹರ್ಟ್ಜ್‌ನ ವಿಎ ಪರದೆಯಲ್ಲಿ ಬಣ್ಣ ಸರಿಮಾಡಿದ ಅರಿಶಿನ ಶಾಸ್ತ್ರದ ದೃಶ್ಯ, ಗಿರಾಕಿಯ ಟಿವಿಯಲ್ಲಿ ಕಿತ್ತಳೆಯಾಗಿ ಕಂಡಿತು. ಪೂರ್ತಿ ಮತ್ತೆ ಮಾಡಿಕೊಟ್ಟೆ. ಈಗ 27 ಇಂಚಿನ 1440 ಐಪಿಎಸ್ (ಬಣ್ಣ ಹೆಚ್ಚು ನಿಖರವಾಗಿ ತೋರಿಸುವ ಬಗೆ) ಪರದೆ, ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಬಾಡಿಗೆಗೆ ತಂದು ಆರು ತಿಂಗಳಿಗೊಮ್ಮೆ ಸರಿಮಾಡುತ್ತೇನೆ. ನನ್ನ ತಮ್ಮ ಆ ವಿಎ ಪರದೆಯನ್ನು ತನ್ನ ಮೇಜಿಗೆ ಒಯ್ದಿದ್ದಾನೆ.

2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿ 4:2:2 ಅನ್ನು ತಾನೇ ಬಿಡಿಸುತ್ತದೆ, ಹಾಗಾಗಿ ಆ ಸರಣಿಯ ಕಾರ್ಡ್ ಕೊಳ್ಳುವವರು ಎಫ್ ಮಾದರಿಗೆ ಹೆದರಬೇಕಿಲ್ಲ. ಹಳೆಯ ಕಾರ್ಡಿನಲ್ಲೇ ಕೆಲಸ ನಡೆಸುವವರು ಎಫ್ ಇಲ್ಲದ್ದನ್ನೇ ತನ್ನಿ. ನಾನು ಈ ಹಂಗಾಮಿಗೂ 3060ಯಲ್ಲೇ ಇರುತ್ತೇನೆ, ಡಿಸೆಂಬರ್‌ವರೆಗೆ ಏಳು ಮದುವೆ ಒಪ್ಪಿಕೊಂಡಾಗಿದೆ.